ಗೂಟ ಬಿದ್ದ ಮೇಲೆ ಕೂಗಿದರೆ ಯಾರು ಕೇಳುತ್ತಾರೆ?



ನಿಮ್ಮ ತೋಟದ ಬದಿಯಲ್ಲಿ ಒಂದು ದಿನ ಬೆಳಿಗ್ಗೆ ಒಬ್ಬ ಹುಡುಗ ಮೂರು ಕಾಲಿನ ಯಂತ್ರ ಇಟ್ಟುಕೊಂಡು ನಿಂತಿರುತ್ತಾನೆ. ಇನ್ನೊಬ್ಬ ಕೆಂಪು-ಬಿಳಿ ಕೋಲು ಹಿಡಿದು ತೋಡಿನ ಆಚೆ ದಡದಲ್ಲಿರುತ್ತಾನೆ. "ಎಂತದಕ್ಕೆ ಮಾರಾಯಾ ಇದು?" ಎಂದು ನೀವು ಕೇಳುತ್ತೀರಿ. "ಸರ್ವೆ" ಅನ್ನುತ್ತಾನೆ. "ಯಾವ ಸರ್ವೆ?" "ಅದು ನಮಗೆ ಗೊತ್ತಿಲ್ಲ, ಸರ್ ಹತ್ರ ಕೇಳಿ." ಆ ಸರ್ ಮಂಗಳೂರಿನಲ್ಲಿ. ಅವರ ಮೇಲಿನ ಸರ್ ಬೆಂಗಳೂರಿನಲ್ಲಿ. ಅವರಿಗೂ ಮೇಲಿನವರು ದೆಹಲಿಯಲ್ಲಿ. ಇವರೆಲ್ಲರಿಗೂ ಸಾಲ ಕೊಟ್ಟವನು ಮನಿಲಾದಲ್ಲೋ ವಾಷಿಂಗ್ಟನ್ನಿನಲ್ಲೋ ಕೂತಿದ್ದಾನೆ. ಬಿಸಿಲಿಗೆ ಬಂದ ಹುಡುಗ ಪಾಪ ಎಂದು ನೀವು ಎರಡು ಬೊಂಡ ಕೊಯ್ದು ಕೊಟ್ಟು ಕಳಿಸುತ್ತೀರಿ. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಗೂಟ ಬೀಳುತ್ತದೆ. ಆಗ ನೀವು ಎದ್ದು ಕೂಗುತ್ತೀರಿ. ನಾವೂ ಬಾವುಟ ಹಿಡಿದು ಬರುತ್ತೇವೆ.

ಆದರೆ ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದಿರುತ್ತದೆ. ನಾನು ಈ ತಿಂಗಳು ನಿಮ್ಮೊಡನೆ ಮಾತಾಡಬೇಕೆಂದಿರುವುದು ಇದನ್ನೇ. ಪರದೇಶದ ಸಾಲದಲ್ಲಿ ನಡೆಯುವ ಅಭಿವೃದ್ಧಿ ಯೋಜನೆ ಆಕಾಶದಿಂದ ಬೀಳುವುದಿಲ್ಲ. ಅದಕ್ಕೆ ಮೆಟ್ಟಿಲುಗಳುಂಟು. ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ಕಾಗದ, ಒಂದೊಂದು ಸಹಿ, ಒಂದೊಂದು ಗಡುವು. ಆ ಮೆಟ್ಟಿಲುಗಳನ್ನು ಅಧಿಕಾರಿ ಬಲ್ಲ, ಕಂತ್ರಾಟುದಾರ ಬಲ್ಲ, ಸಲಹೆಗಾರ ಕಂಪೆನಿಯವನು ಎಲ್ಲರಿಗಿಂತ ಚೆನ್ನಾಗಿ ಬಲ್ಲ. ಬಲ್ಲದವನು ಜಾಗ ಕೊಡುವವನು ಒಬ್ಬನೇ.

ಮಂಗಳೂರಿನ ಲೆಕ್ಕವನ್ನೇ ತೆಗೆದುಕೊಳ್ಳಿ, ನಮ್ಮ ಕಣ್ಣೆದುರೇ ಆದದ್ದು. 1999ರ ಅಕ್ಟೋಬರಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು, ಜನರ ಬಾಯಲ್ಲಿ ಎಡಿಬಿ, ಕರ್ನಾಟಕದ ಕರಾವಳಿಗೆಂದು 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆ ಎಂದು ಅದರ ಉದ್ದ ಹೆಸರು; 'ಕುಡ್ಸೆಂಪ್' ಎಂದು ಗಿಡ್ಡ ಹೆಸರು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ, ಅಂಕೋಲಾ, ಶಿರಸಿ, ದಾಂಡೇಲಿ, ಹೀಗೆ ಹತ್ತು ಪಟ್ಟಣಗಳಿಗೆ ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ, ರಸ್ತೆ. ನಡೆಸುವ ಹೊಣೆ ಬೆಂಗಳೂರಿನ ನಗರ ಮೂಲಸೌಕರ್ಯ ಹಣಕಾಸು ನಿಗಮದ್ದು. ಗಡುವು ಮುಂದೂಡುತ್ತ ಮುಂದೂಡುತ್ತ ಆ ದಶಕದ ಕೊನೆಯವರೆಗೂ ಅದು ನಡೆಯಿತು. ಮಂಗಳೂರಿಗೆ ತುಂಬೆಯಿಂದ ನೇತ್ರಾವತಿ ನೀರು ತರುವ ಎರಡನೆ ಹಂತದ ವ್ಯವಸ್ಥೆ ಬಂದದ್ದು ಇದರಲ್ಲೇ. ಅದು ಸುಳ್ಳಲ್ಲ, ನಗರಕ್ಕೆ ನೀರು ಹೆಚ್ಚಿತು. ಒಳಚರಂಡಿಯ ಕತೆ ಮಾತ್ರ ಅಷ್ಟು ಸಲೀಸಾಗಲಿಲ್ಲ. ಮತ್ತೆ 2014ರಲ್ಲಿ ಅದೇ ಬ್ಯಾಂಕಿನಿಂದ ಇನ್ನೊಂದು ಸಾಲ, ಒಟ್ಟು 15 ಕೋಟಿ ಡಾಲರ್, ಕಂತು ಕಂತಾಗಿ ಕೊಡುವಂಥದ್ದು. ಅದರ ಎರಡನೆ ಕಂತಿನಲ್ಲಿ ಮಂಗಳೂರು, ಪುತ್ತೂರು, ಉಡುಪಿ, ಕುಂದಾಪುರ ಬಂದವು. ನೀವು ಬೋರ್ಡುಗಳಲ್ಲಿ ನೋಡಿದ 'ಜಲಸಿರಿ' ಇದೇ. ದಿನದ 24 ಗಂಟೆಯೂ ನಳ್ಳಿಯಲ್ಲಿ ನೀರು ಎಂಬುದು ಅದರ ಮಾತು. ಒಳಚರಂಡಿಗೆ ಎರಡನೆ ಸಾಲದಲ್ಲೂ ಬಾಬ್ತು ಇಡಬೇಕಾಯಿತು.

"ಇದು ಪೇಟೆಯವರ ವಿಷಯ, ನಮಗೆಂತ?" ಎಂದು ಪುಟ ತಿರುಗಿಸಬೇಡಿ. ಪೇಟೆಯ ನಳ್ಳಿಯ ಇನ್ನೊಂದು ತುದಿ ನಿಮ್ಮ ಹೊಳೆಯಲ್ಲಿದೆ. ಪೇಟೆಯ ಕಸದ ಕೊನೆಯ ತಾಣ ನಿಮ್ಮ ಗುಡ್ಡದ ತಪ್ಪಲಿನಲ್ಲಿದೆ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡೆ ಜರಿದು ಕೆಳಗಿನ ಮಂದಾರಕ್ಕೆ ಹರಿದು ಬಂದದ್ದನ್ನು ಮರೆತಿದ್ದೀರಾ? ತೆಂಗು, ಕಂಗು, ಮನೆ, ದೇವಸ್ಥಾನದ ದಾರಿ, ಎಲ್ಲ ಕಸದಡಿ. ಅಲ್ಲಿದ್ದ ಕುಟುಂಬಗಳು ಎದ್ದು ಹೋಗಬೇಕಾಯಿತು. ಯಾವ ಸಾಲದ ಯಾವ ಕಲಮಿನಲ್ಲಿ ಆ ಅಡಿಕೆ ಮರಗಳಿಗೆ ಬೆಲೆ ಕಟ್ಟಿದ್ದರು?

ಈಗ ಮೆಟ್ಟಿಲುಗಳ ಮಾತಿಗೆ ಬರೋಣ. ನಿಮಗೆ ಗೊತ್ತಿರುವ ಸೊಸೈಟಿ ಸಾಲದ ಹಾಗೆಯೇ ಇದು, ಹೆಸರು ಮಾತ್ರ ದೊಡ್ಡದು. ನೀವು ಸೊಸೈಟಿಗೆ ಹೋದಾಗ ಏನಾಗುತ್ತದೆ? ಮೊದಲು ಸೆಕ್ರೆಟರಿಯ ಹತ್ತಿರ ಬಾಯಿಮಾತು. ಆಮೇಲೆ ಅರ್ಜಿ, ಪಹಣಿ. ಆಮೇಲೆ ಜಾಗ ನೋಡಲು ಒಬ್ಬರು ಬರುತ್ತಾರೆ. ಆಡಳಿತ ಮಂಡಳಿಯ ಮೀಟಿಂಗಿನಲ್ಲಿ ಪಾಸಾಗುತ್ತದೆ. ಅಡವು ಪತ್ರಕ್ಕೆ ಸಹಿ. ಕಂತಿನಲ್ಲಿ ಹಣ. ಪರದೇಶದ ಸಾಲವೂ ಅಷ್ಟೇ. ರಾಜ್ಯ ಸರ್ಕಾರ ಒಂದು ಪ್ರಾಥಮಿಕ ವರದಿಯನ್ನು ದೆಹಲಿಯ ಹಣಕಾಸು ಮಂತ್ರಾಲಯಕ್ಕೆ ಕಳಿಸುತ್ತದೆ. ಅಲ್ಲಿಂದ ಅದು ಬ್ಯಾಂಕಿನ ಮುಂದೆ ಹೋಗುತ್ತದೆ. ಬ್ಯಾಂಕು ಒಪ್ಪುವ ಲಕ್ಷಣ ಕಂಡರೆ ತಯಾರಿ: ಸಲಹೆಗಾರ ಕಂಪೆನಿ, ವಿವರವಾದ ಯೋಜನಾ ವರದಿ, ಸರ್ವೆ. ಆ ಮೇಲೆ ಬ್ಯಾಂಕಿನವರೇ ಬಂದು ಒರೆಗೆ ಹಚ್ಚುತ್ತಾರೆ. ಷರತ್ತಿನ ಚೌಕಾಶಿ, ಬ್ಯಾಂಕಿನ ಮಂಡಳಿಯ ಮಂಜೂರಾತಿ, ಸಹಿ. ಅನಂತರ ಟೆಂಡರು, ಕಾಮಗಾರಿ, ಕಂತಿನ ಬಿಡುಗಡೆ, ಆಗಾಗ ತಪಾಸಣೆಯ ತಂಡ, ಕೊನೆಗೆ ಮುಕ್ತಾಯ ವರದಿ. ನೀವು ಗೂಟ ನೋಡುವುದು ಟೆಂಡರಿನ ಆಸುಪಾಸಿನಲ್ಲಿ. ಅಷ್ಟರಲ್ಲಿ ದಾರಿ ಯಾವ ಸರ್ವೆ ನಂಬರಿನಲ್ಲಿ ಹೋಗಬೇಕು ಎಂಬುದು ನಕ್ಷೆಯಲ್ಲಿ ಇಂಗು ಹಿಡಿದು ಒಣಗಿರುತ್ತದೆ.

ಎಲ್ಲಕ್ಕಿಂತ ಮುಖ್ಯ ಮೆಟ್ಟಿಲು ತಯಾರಿಯದು. ಬೊಂಡ ಕುಡಿದು ಹೋದ ಹುಡುಗ ಬಂದದ್ದು ಆ ಮೆಟ್ಟಿಲಿನಲ್ಲಿ. ಅವನ ಕೈಯಲ್ಲಿದ್ದದ್ದು ಬರೀ ಅಳತೆಯಲ್ಲ. ಜಾಗ ಕಳೆದುಕೊಳ್ಳುವವರ ಪಟ್ಟಿಯೊಂದು ಆ ಹೊತ್ತಿಗೇ ತಯಾರಾಗುತ್ತದೆ: ಯಾರ ಮನೆ, ಎಷ್ಟು ಮರ, ಬಾವಿ ಉಂಟಾ, ಪಂಪು ಉಂಟಾ. ಆ ಪಟ್ಟಿಗೆ ಒಂದು ಕೊನೆಯ ದಿನಾಂಕ ಹಾಕುತ್ತಾರೆ. ಆ ದಿನಾಂಕದ ಮೇಲೆ ಬಂದು ಕೂತವನಿಗೆ ಪರಿಹಾರವಿಲ್ಲ ಎಂಬುದು ನಿಯಮ. ಮೋಸಗಾರರನ್ನು ತಡೆಯಲು ಅದು ಬೇಕೂ ಹೌದು. ಆದರೆ ಹಿಂದಿನಿಂದ ಇದ್ದವನ ಹೆಸರು ಬಿಟ್ಟುಹೋದರೆ? ಸರ್ವೆಯ ದಿನ ನೀವು ಮಂಡಿಗೆ ಹೋಗಿದ್ದರೆ, ಮನೆಗೆ ಬೀಗ ಇದ್ದರೆ, 'ಖಾಲಿ' ಎಂದು ಬರೆದು ಹೋದರೆ? ಆಮೇಲೆ ಅದನ್ನು ತಿದ್ದಿಸಲು ಎಷ್ಟು ಜೊತೆ ಚಪ್ಪಲಿ ಸವೆಯಬೇಕು, ಅನುಭವಿಸಿದವನಿಗೇ ಗೊತ್ತು. ಆದ್ದರಿಂದ ಸರ್ವೆಯವನು ಬಂದ ದಿನವೇ ಅವನ ಗುರುತಿನ ಚೀಟಿ ನೋಡಿ, ಯಾವ ಯೋಜನೆ, ಯಾವ ಇಲಾಖೆ ಎಂದು ಕೇಳಿ, ಬರೆದುಕೊಂಡದ್ದನ್ನು ಓದಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಬೊಂಡವನ್ನೂ ಕೊಡಿ, ಬೇಡವೆನ್ನುವುದಿಲ್ಲ.

ನಾನೇ ಒಮ್ಮೆ ಒಂದು ಕಚೇರಿಗೆ ಹೋಗಿ ನಮ್ಮ ಗ್ರಾಮದ ಮೇಲಿನಿಂದ ಹಾಯುವ ಒಂದು ಕಾಮಗಾರಿಯ ಪುನರ್ವಸತಿ ವರದಿ ಕೇಳಿದೆ. ಮೇಜಿನ ಹಿಂದಿನ ಮಹನೀಯರು ಇನ್ನೂರು ಪುಟದ ಇಂಗ್ಲಿಷ್ ಪುಸ್ತಕ ತೋರಿಸಿ, "ನಿಮಗೆ ಇದು ಅರ್ಥವಾಗುವುದಿಲ್ಲ" ಎಂದರು. ಕನ್ನಡದ್ದು ಕೊಡಿ ಎಂದೆ. ಇಲ್ಲ ಎಂದರು. ನನಗೆ ಅರ್ಥವಾಗದ ಪುಸ್ತಕದಲ್ಲಿ ನನ್ನ ಜಾಗದ ಸರ್ವೆ ನಂಬರು ಹೇಗೆ ಹೊಕ್ಕಿತು ಎಂದು ಕೇಳುವಷ್ಟು ಧೈರ್ಯ ಆ ದಿನ ನನ್ನಲ್ಲಿರಲಿಲ್ಲ. ಸುಮ್ಮನೆ ಬಸ್ಸು ಹತ್ತಿದೆ. ಎಡಿಬಿಯ ನಿಯಮದಲ್ಲೇ ಉಂಟು: ಬಾಧಿತರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿಷಯ ತಿಳಿಸಬೇಕು, ಅವರೊಡನೆ ಸಮಾಲೋಚನೆ ಮಾಡಬೇಕು, ಕುಂದುಕೊರತೆ ಕೇಳುವ ವ್ಯವಸ್ಥೆ ಇರಬೇಕು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಈ ವರದಿಗಳೆಲ್ಲ ಬ್ಯಾಂಕಿನ ಜಾಲತಾಣದಲ್ಲಿ ಬಹಿರಂಗವಾಗಿಯೇ ಇರುತ್ತವೆ. ಕಾಲೇಜಿಗೆ ಹೋಗುವ ಮಗಳೋ ಮಗನೋ ಮೊಬೈಲಿನಲ್ಲಿ ಹುಡುಕಿ ಕೊಟ್ಟಾರು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಉಂಟು, ಹತ್ತು ರೂಪಾಯಿ ಶುಲ್ಕ.

ಇನ್ನು ಒರೆಗೆ ಹಚ್ಚುವ ಮೆಟ್ಟಿಲು. ಇಲ್ಲಿ ಬ್ಯಾಂಕಿನ ಅರ್ಥಶಾಸ್ತ್ರಿ ಒಂದು ಲೆಕ್ಕ ಹಾಕುತ್ತಾನೆ. ಈ ಯೋಜನೆಯಿಂದ ದೇಶಕ್ಕೆ ವರ್ಷಕ್ಕೆ ಶೇಕಡಾ ಎಷ್ಟು ಲಾಭ? ಕುಡ್ಸೆಂಪಿನ ಕಾಲದಲ್ಲಿ ಶೇ. 12ರ ಮೇಲೆ ಬಂದರೆ ಪಾಸು ಎಂಬ ಅಳತೆಗೋಲು ಇತ್ತು. ಒಂದು ಕಲಮಿನಲ್ಲಿ ಖರ್ಚು, ಒಂದು ಕಲಮಿನಲ್ಲಿ ಪ್ರಯೋಜನ. ಲೆಕ್ಕ ತಪ್ಪಲ್ಲ. ಆದರೆ ಕಲಮಿಗೆ ಹೋಗದ್ದು ಲೆಕ್ಕಕ್ಕೂ ಇಲ್ಲ. ಬೇಸಿಗೆಯಲ್ಲಿ ಹೊಳೆಯ ನೀರು ಪೇಟೆಗೆ ಹೋದರೆ ಮೇಲಿನ ಅಡಿಕೆ ತೋಟಕ್ಕೆ ಏಪ್ರಿಲಿನಲ್ಲಿ ಎಷ್ಟು ಪಂಪು ನಿಲ್ಲುತ್ತದೆ? ಫಸಲು ಉದುರಿದರೆ ಎಷ್ಟು ವರ್ಷದ ನಷ್ಟ? ಇದನ್ನು ಯಾರಾದರೂ ಬರೆದುಕೊಟ್ಟರೆ ತಾನೇ ಆ ಕಲಮಿಗೆ ಹೋಗುವುದು. 2016ರಲ್ಲೂ 2019ರಲ್ಲೂ ನೇತ್ರಾವತಿ ಸೊರಗಿ ಮಂಗಳೂರಿಗೆ ನೀರಿನ ರೇಶನ್ ಆಯಿತು. ಅಂಥ ಬೇಸಿಗೆಗಳಲ್ಲಿ ಹೊಳೆಯಿಂದ ಕೃಷಿಗೆ ನೀರೆತ್ತಬೇಡಿ ಎಂಬ ಆಜ್ಞೆ ಮೊದಲು ಬರುವುದು ಯಾರ ಪಂಪಿನ ಮೇಲೆ ಎಂದು ಬಂಟ್ವಾಳದವರಿಗೆ ಕೇಳಿ ನೋಡಿ. ಕುಡಿಯುವ ನೀರು ಮೊದಲು ಎಂಬುದಕ್ಕೆ ನಮ್ಮ ತಕರಾರಿಲ್ಲ; ಬಾಯಾರಿದವನಿಗೆ ನೀರು ಕೊಡದ ರೈತ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ನಮ್ಮ ಪ್ರಶ್ನೆ ಬೇರೆ. ನಳ್ಳಿಯ ನೀರಿಗೆ ಬೆಲೆ ಕಟ್ಟುವ ಸಾಲಗಾರನಿಗೆ ಒಣಗಿದ ತೋಟಕ್ಕೆ ಬೆಲೆ ಕಟ್ಟಲು ಬರುವುದಿಲ್ಲವೇ?

ತುಂಬೆಯ ಕಿಂಡಿ ಅಣೆಕಟ್ಟಿನದು ಇನ್ನೊಂದು ಪಾಠ. ಹಳೆಯದರ ಬಳಿಯಲ್ಲೇ ಹೊಸದಾಗಿ 7 ಮೀಟರ್ ಎತ್ತರದ್ದು ಕಟ್ಟಿದರು. ನೀರು ನಿಲ್ಲಿಸುವ ಮಟ್ಟ 5 ಮೀಟರಿಗೋ 6 ಮೀಟರಿಗೋ 7ಕ್ಕೋ ಎಂಬುದರ ಮೇಲೆ ಮೇಲಿನ ಗ್ರಾಮಗಳಲ್ಲಿ ಎಷ್ಟು ಜಾಗ ಮುಳುಗುತ್ತದೆ ಎಂಬುದು ನಿಂತಿದೆ. ಮುಳುಗಡೆ ಪರಿಹಾರಕ್ಕಾಗಿ ಅಲ್ಲಿನ ರೈತರು ವರ್ಷಗಟ್ಟಲೆ ಓಡಾಡಿದರು. ಈ ಅಣೆಕಟ್ಟು ಪರದೇಶದ ಸಾಲದ್ದೆಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟೇ: ಅಣೆಕಟ್ಟಿನ ಕಡತ ಬೇರೆ, ಕೊಳವೆಯ ಕಡತ ಬೇರೆ. ಕೊಳವೆಯ ಕಡತದಲ್ಲಿ ಬ್ಯಾಂಕಿನ ನಿಯಮ, ಸಮಾಲೋಚನೆ, ದೂರಿನ ಸಮಿತಿ, ಎಲ್ಲ ಇರುತ್ತದೆ. ಅಣೆಕಟ್ಟಿನ ಕಡತದಲ್ಲಿ ತಹಶೀಲ್ದಾರರು, ನಾವು. ಹೊಳೆಗೆ ಇದು ಗೊತ್ತುಂಟೇ? ಅದು ಒಂದೇ ನೀರು. ಆದ್ದರಿಂದ ಯೋಜನೆಯ ಸಮಾಲೋಚನೆಗೆ ಕರೆದರೆ ಮೊದಲ ಪ್ರಶ್ನೆ, "ಈ ಕೊಳವೆಗೆ ನೀರು ಎಲ್ಲಿಂದ, ಆ ನೀರು ನಿಲ್ಲಿಸುವವರು ಯಾರು, ಅದರ ಪರಿಹಾರ ಯಾವ ಪುಟದಲ್ಲಿದೆ?" ಎಂಬುದಾಗಲಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಕೇಳಿ.

ಕಂತಿನ ಬಿಡುಗಡೆಯ ಮೆಟ್ಟಿಲನ್ನು ನಮ್ಮವರು ಗಮನಿಸುವುದೇ ಇಲ್ಲ. ಸಹಿ ಆಯಿತು ಎಂದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ಹಣ ಒಮ್ಮೆಗೇ ಬರುವುದಿಲ್ಲ, ಷರತ್ತು ನೆರವೇರಿದ ಹಾಗೆ ಬರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು 1978ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ಸಾಲ ಕೊಟ್ಟಿತ್ತು. ಮುಳುಗಡೆಯವರ ಪುನರ್ವಸತಿ ಸರಿಯಾಗಿ ಆಗಲಿಲ್ಲವೆಂದು 1990ರ ದಶಕದಲ್ಲಿ ಆ ಬ್ಯಾಂಕೇ ಹಣ ತಡೆಹಿಡಿಯಿತು. ಆಗ ವಿಧಾನಸೌಧದ ಕುರ್ಚಿಗಳು ಅಲ್ಲಾಡಿದಷ್ಟು ನಮ್ಮ ನೂರು ಮೆರವಣಿಗೆಗೂ ಅಲ್ಲಾಡಿರಲಿಲ್ಲ. ಪರದೇಶದ ಬ್ಯಾಂಕಿಗೆ ನಮ್ಮ ಮೇಲೆ ಪ್ರೀತಿ ಉಂಟೆಂದು ತಿಳಿಯಬೇಡಿ. ಅದಕ್ಕೆ ತನ್ನ ಹೆಸರಿನ ಮೇಲೆ, ತನ್ನ ಅಸಲಿನ ಮೇಲೆ ಪ್ರೀತಿ. ಆದರೂ ಹಗ್ಗ ಇರುವುದು ಅಲ್ಲಿ, ಎಳೆಯಬೇಕಾದ್ದೂ ಅಲ್ಲಿ. ತಪಾಸಣೆಯ ತಂಡ ಬಂದಾಗ ಅದು ಕಚೇರಿಯಲ್ಲಿ ಕಾಫಿ ಕುಡಿದು ಹೋಗದಂತೆ, ನಿಮ್ಮ ತೋಟಕ್ಕೆ ಬರುವಂತೆ ಮಾಡುವುದು ಸಂಘಟನೆಯ ಕೆಲಸ.

ಈಗ ಸಾಲದ ಮಾತು. ಸಾಲವೆಂದರೆ ನಮಗಿಂತ ಚೆನ್ನಾಗಿ ಬಲ್ಲವರುಂಟೇ? ಇಂಥ ಬ್ಯಾಂಕುಗಳ ಯೋಜನಾ ಸಾಲಕ್ಕೆ ಸಾಮಾನ್ಯವಾಗಿ 20-25 ವರ್ಷದ ಅವಧಿ. ಮೊದಲ ಐದಾರು ವರ್ಷ ಅಸಲು ಕೇಳುವುದಿಲ್ಲ, ಕೊಳವೆ ಹಾಕಿದ ಮಾರನೆ ದಿನ ಹಣ ಹುಟ್ಟುವುದಿಲ್ಲ ಎಂಬುದು ಅವರಿಗೆ ಅರ್ಥವಾಗುತ್ತದೆ. ಅಡಿಕೆ ಸಸಿ ನೆಟ್ಟವನಿಗೂ ಐದಾರು ವರ್ಷ ಕಾಯಬೇಕು. ಅವನ ಬೆಳೆಸಾಲ ಮಾತ್ರ ವರ್ಷಕ್ಕೆ ಕಟ್ಟಬೇಕು. ಸಹಕಾರಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ, 2023ರಿಂದ 5 ಲಕ್ಷದವರೆಗೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ವಾಯಿದೆ ಒಂದು ದಿನ ತಪ್ಪಿದರೆ ಆ ಸೌಲಭ್ಯದ ಗತಿ ಏನೆಂದು ನಿಮಗೇ ಗೊತ್ತು. ಸರ್ಕಾರದ ಯೋಜನೆ ಐದು ವರ್ಷ ತಡವಾದರೆ 'ಅವಧಿ ವಿಸ್ತರಣೆ'. ರೈತ ಐದು ತಿಂಗಳು ತಡವಾದರೆ 'ಸುಸ್ತಿದಾರ'. ಇನ್ನೊಂದು ಸ್ವಾರಸ್ಯ: ಮಂಜೂರಾಗಿ ತೆಗೆದುಕೊಳ್ಳದೆ ಬಿಟ್ಟ ಹಣದ ಮೇಲೂ ಬ್ಯಾಂಕು ಒಂದು ಚಾರ್ಜು ಹಾಕುತ್ತದೆ. ಕಡತ ಮೇಜಿನ ಮೇಲೆ ಮಲಗಿದಷ್ಟು ದಿನ ಅದು ಏರುತ್ತಿರುತ್ತದೆ.

ತೀರಿಸುವವರು ಯಾರು? ಮೊದಲು ಹೀಗಿತ್ತು: ಡಾಲರು ಕೇಂದ್ರಕ್ಕೆ ಬರುತ್ತಿತ್ತು, ಕೇಂದ್ರ ಅದನ್ನು ರೂಪಾಯಿಯಲ್ಲಿ ನಮ್ಮಂಥ ರಾಜ್ಯಗಳಿಗೆ ಶೇ. 70 ಸಾಲ, ಶೇ. 30 ಅನುದಾನವೆಂದು ಕೊಡುತ್ತಿತ್ತು. ಡಾಲರಿನ ಬೆಲೆ ಏರಿದರೆ ಆ ಹೊರೆ ಕೇಂದ್ರದ್ದು. 2005ರಿಂದ ಈಚಿನ ಹೊಸ ಸಾಲಗಳು ಬಂದ ಷರತ್ತಿನಲ್ಲೇ ನೇರ ರಾಜ್ಯದ ತಲೆಗೆ. ಡಾಲರಿನ ಏರಿಳಿತವೂ ರಾಜ್ಯದ್ದೇ. 1999ರಲ್ಲಿ ಒಂದು ಡಾಲರಿಗೆ 43 ರೂಪಾಯಿ ಆಸುಪಾಸು, 2024ರ ಕೊನೆಗೆ 85. ಅಂದು ಒಂದು ಕೋಟಿ ಡಾಲರ್ ಎಂದರೆ 43 ಕೋಟಿ ರೂಪಾಯಿ, 2024ರ ಕೊನೆಗೆ ಅದೇ ಒಂದು ಕೋಟಿಗೆ 85 ಕೋಟಿ ಎಣಿಸಬೇಕಿತ್ತು. ನಮ್ಮ ಅಡಿಕೆಯ ಧಾರಣೆ ಬಿದ್ದಾಗ ಯಾವ ಬ್ಯಾಂಕಾದರೂ ಅಸಲನ್ನು ಅಡಿಕೆಯಲ್ಲಿ ತೆಗೆದುಕೊಂಡದ್ದುಂಟೇ? ಡಾಲರಿನ ಧಾರಣೆ ಏರಿದಾಗ ಮಾತ್ರ ಅದನ್ನು ಡಾಲರಿನಲ್ಲೇ ಕಟ್ಟಬೇಕು. ನೀರಿನ ದರ ಏರಿಸಿ, ಮೀಟರು ಹಾಕಿ, ತೆರಿಗೆ ವಸೂಲು ಮಾಡಿ ಎಂಬ ಷರತ್ತುಗಳು ಬರುವುದು ಇಲ್ಲಿಂದ. ನೀರು ಬಾರದ ಕಾಲುವೆಗೆ ಅಭಿವೃದ್ಧಿ ಕರ ಕೇಳಿದ್ದಕ್ಕೆ 1980ರ ಜುಲೈನಲ್ಲಿ ನವಲಗುಂದ-ನರಗುಂದದಲ್ಲಿ ಏನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ.

ಹಳೆಯದೊಂದು ಕತೆಯನ್ನೂ ಹೇಳಿಬಿಡುತ್ತೇನೆ. 1975ರಲ್ಲಿ ಇರಾನಿನ ದೊರೆ ಕುದುರೆಮುಖದ ಅದಿರಿಗೆಂದು 63 ಕೋಟಿ ಡಾಲರ್ ಸಾಲಕ್ಕೆ ಒಪ್ಪಂದ ಮಾಡಿದ. ಅದಿರೆಲ್ಲ ಇರಾನಿಗೆ. ಘಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್ ಕೊಳವೆ ಬಂತು. 1979ರಲ್ಲಿ ದೊರೆಯೇ ಓಡಿಹೋದ; 25.5 ಕೋಟಿ ಡಾಲರಿಗೆ ಹಣ ನಿಂತಿತು, ಇರಾನ್ ಅದಿರನ್ನೂ ಎತ್ತಲಿಲ್ಲ. ಉಳಿದದ್ದಕ್ಕೆ ಭಾರತ ಸರ್ಕಾರವೇ ಹಣ ಹಾಕಿ ಮುಗಿಸಬೇಕಾಯಿತು. ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಟೆಹರಾನಿನಲ್ಲಿ ಸೀನಿದರೆ ಪಣಂಬೂರಿಗೆ ನೆಗಡಿ ಎಂದು ಆಗ ನಮ್ಮ ಕಡೆ ನಗೆಯಾಡುತ್ತಿದ್ದರು.

ನಮ್ಮ ಜಿಲ್ಲೆಯವರಿಗೆ ಒಂದು ಪ್ರತ್ಯೇಕ ಮಾತು, ಕುಮ್ಕಿಯದು. ವರ್ಗ ಜಾಗಕ್ಕೆ ತಾಗಿದ ಕುಮ್ಕಿಯಲ್ಲಿ ನಿಮ್ಮ ಅಜ್ಜನ ಕಾಲದ ಮರಗಳಿವೆ. ಪಹಣಿಯಲ್ಲಿ ಸರ್ಕಾರಿ ಎಂದಿದೆ. ಯೋಜನೆ ಬಂದರೆ "ಕುಮ್ಕಿಗೆ ಪರಿಹಾರವಿಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ. ಎಡಿಬಿ ಹಣದ ಯೋಜನೆಯಾದರೆ ಅಷ್ಟು ಸುಲಭವಲ್ಲ. ಹಕ್ಕುಪತ್ರ ಇಲ್ಲವೆಂಬ ಕಾರಣಕ್ಕೆ ಮರ, ಬೆಳೆ, ಕಟ್ಟಡ ಮೊದಲಾದವುಗಳ ನಷ್ಟಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಅವರ 2009ರ ನೀತಿಯಲ್ಲೇ ಇದೆ. ಭೂಮಿಗಲ್ಲ, ಭೂಮಿಯ ಮೇಲಿದ್ದುದಕ್ಕೆ. ವ್ಯತ್ಯಾಸ ತಿಳಿದು ಕೇಳಿ. ಪಟ್ಟಾ ಜಾಗಕ್ಕಾದರೆ 2013ರ ಭೂಸ್ವಾಧೀನ ಕಾಯಿದೆ ಉಂಟು: ಪ್ರಾಥಮಿಕ ಅಧಿಸೂಚನೆಯ ಮೇಲೆ 60 ದಿನದೊಳಗೆ ತಕರಾರು ಕೊಡಬೇಕು. 61ನೆಯ ದಿನ ಕೊಟ್ಟ ಅರ್ಜಿಗೆ ಬೆಲೆ ಇಲ್ಲ. ಸ್ವೀಕೃತಿಯ ಮುದ್ರೆ ಹಾಕಿಸದೆ ಕೊಟ್ಟ ಅರ್ಜಿಗಂತೂ ಮೊದಲೇ ಇಲ್ಲ.

ಇಷ್ಟಾಗಿಯೂ ಸ್ಥಳೀಯವಾಗಿ ಯಾರೂ ಕೇಳದಿದ್ದರೆ ಬ್ಯಾಂಕಿಗೇ ದೂರು ಕೊಡಬಹುದು. ಬಾಧಿತರು ಇಬ್ಬರಾದರೂ ಸೇರಿ ಸಹಿ ಹಾಕಬೇಕು. ಮೊದಲು ಯೋಜನೆಯ ಕಚೇರಿಯಲ್ಲೂ ಬ್ಯಾಂಕಿನ ಸಂಬಂಧಪಟ್ಟ ಇಲಾಖೆಯಲ್ಲೂ ಪರಿಹಾರ ಕೇಳಿದ್ದಕ್ಕೆ ಕಾಗದ ಇರಬೇಕು. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಕಡ್ಡಾಯವಿಲ್ಲ. ಆದರೆ 2012ರ ನಿಯಮದಂತೆ ಸಾಲದ ಮುಕ್ತಾಯದ ದಿನಾಂಕದಿಂದ ಎರಡು ವರ್ಷ ಕಳೆದರೆ ಆ ಬಾಗಿಲೂ ಮುಚ್ಚುತ್ತದೆ. ನಿಮ್ಮ ಊರಿನ ಮೇಲೆ ಹಾದ ಯೋಜನೆ ಯಾವ ಸಾಲದ್ದು, ಅದರ ಮುಕ್ತಾಯದ ದಿನಾಂಕ ಯಾವುದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪಿಡಿಒ ಉತ್ತರ ಕೊಟ್ಟರೆ ಬರೆದುಕೊಳ್ಳಿ. ಗೊತ್ತಿಲ್ಲ ಎಂದರೆ ಅದನ್ನೂ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ನಮಗೆ ಕಳಿಸಿಕೊಡಿ.